ಅಲ್-ಉರ್ವಾ ಅಲ್-ವುಥ್ಕಾ

ಅಲ್-ಉರ್ವಾ ಅಲ್-ವುಥ್ಕಾ 1884ರಲ್ಲಿ ಫ್ರಾನ್ಸಿನ ಪ್ಯಾರಿಸ್ ನಗರದಿಂದ ಪ್ರಕಟವಾದ ಅರಬ್ಬೀ ಭಾಷೆಯ ವಾರಪತ್ರಿಕೆ. ಜಮಾಲುದ್ದೀನ್ ಅಲ್-ಅಫ್ಘಾನಿ ಇದರ ರಾಜಕೀಯ ನಿರ್ದೇಶಕರಾಗಿದ್ದರು; ಈಜಿಪ್ಟಿನ ವಿದ್ವಾಂಸ ಮುಹಮ್ಮದ್ ಅಬ್ದುಹು ಸಂಪಾದಕರಾಗಿದ್ದರು. ಕುರಾನಿನಿಂದ ಆಯ್ದ ಈ ಹೆಸರಿಗೆ 'ಅತ್ಯಂತ ದೃಢವಾದ ಬಂಧ' ಎಂಬ ಅರ್ಥವಿದೆ. ಕೇವಲ 18 ಸಂಚಿಕೆಗಳನ್ನು ಕಂಡರೂ ಇದು ಆಧುನಿಕ ಅರಬ್ ಪತ್ರಿಕೋದ್ಯಮದ ಮೇಲೆ ದೀರ್ಘಕಾಲದ ಪ್ರಭಾವ ಬೀರಿತು.

ಹಿನ್ನೆಲೆ

1879ರಲ್ಲಿ ಈಜಿಪ್ಟಿನಿಂದ ಉಚ್ಚಾಟಿತರಾದ ಅಫ್ಘಾನಿ ಭಾರತಕ್ಕೆ ಬಂದು ಕೆಲಕಾಲ ಹೈದರಾಬಾದಿನಲ್ಲಿ ನೆಲೆಸಿದ್ದರು. 1882ರಲ್ಲಿ ಬ್ರಿಟಿಷರು ಉರಾಬಿ ದಂಗೆಯನ್ನು ಅಡಗಿಸಿ ಈಜಿಪ್ಟನ್ನು ಆಕ್ರಮಿಸಿಕೊಂಡರು. ದಂಗೆಯನ್ನು ಬೆಂಬಲಿಸಿದ ಅಬ್ದುಹು ಗಡೀಪಾರಾಗಿ ಬೈರೂತ್ ಸೇರಿದರು. 1883ರಲ್ಲಿ ಪ್ಯಾರಿಸ್ ತಲುಪಿದ ಅಫ್ಘಾನಿ ತಮ್ಮ ಈ ಶಿಷ್ಯನನ್ನು ಅಲ್ಲಿಗೆ ಕರೆಸಿಕೊಂಡರು.

ಪ್ರಕಟಣೆ ಮತ್ತು ವಿಷಯ

ಮೊದಲ ಸಂಚಿಕೆ 1884ರ ಮಾರ್ಚ್ 13ರಂದು ಹೊರಬಂದಿತು. ಈಜಿಪ್ಟ್ ಹಾಗೂ ಭಾರತದಲ್ಲಿನ ಬ್ರಿಟಿಷ್ ಆಡಳಿತದ ಟೀಕೆ, ಸುಡಾನಿನ ಮಹ್ದಿ ಬಂಡಾಯ, ಮುಸ್ಲಿಂ ಸಮಾಜಗಳ ಅವನತಿಯ ಕಾರಣಗಳು ಮತ್ತು ಅವುಗಳ ಐಕ್ಯದ ಅಗತ್ಯ ಇದರ ಮುಖ್ಯ ವಿಷಯಗಳಾಗಿದ್ದವು. ಭಾರತದ ಸರ್ ಸೈಯದ್ ಅಹಮದ್ ಖಾನರ ವಿಚಾರಗಳನ್ನು ಖಂಡಿಸಿದ ಲೇಖನವೂ ಇದರಲ್ಲಿ ಪ್ರಕಟವಾಯಿತು. ವಿಚಾರಗಳು ಹೆಚ್ಚಾಗಿ ಅಫ್ಘಾನಿಯವರವು, ಬರವಣಿಗೆ ಅಬ್ದುಹು ಅವರದು ಎಂಬ ಅಭಿಪ್ರಾಯ ರೂಢಿಯಲ್ಲಿದೆ.

ನಿಷೇಧ

ಪತ್ರಿಕೆಯ ಅನೇಕ ಪ್ರತಿಗಳನ್ನು ಉಚಿತವಾಗಿ ಅಂಚೆಯ ಮೂಲಕ ಕಳುಹಿಸಲಾಗುತ್ತಿತ್ತು. ಬ್ರಿಟಿಷ್ ಅಧಿಕಾರಿಗಳು ಈಜಿಪ್ಟ್ ಮತ್ತು ಭಾರತಕ್ಕೆ ಅದರ ಪ್ರವೇಶವನ್ನು ತಡೆದರು. ಈಜಿಪ್ಟಿನಲ್ಲಿ ಪತ್ರಿಕೆಯನ್ನು ಇಟ್ಟುಕೊಂಡವರಿಗೆ ದಂಡ ವಿಧಿಸುವ ಆದೇಶ ಹೊರಟಿತು. ತಲುಪಬೇಕಾದ ಓದುಗರಿಂದಲೇ ದೂರವಾದ ಪತ್ರಿಕೆ ಅದೇ ವರ್ಷದ ಅಕ್ಟೋಬರಿನಲ್ಲಿ ನಿಂತಿತು. ವಾರಪತ್ರಿಕೆಯೆನಿಸಿದರೂ ಏಳು ತಿಂಗಳಲ್ಲಿ 18 ಸಂಚಿಕೆಗಳಷ್ಟೇ ಬಂದದ್ದರಿಂದ, ಅದು ಪ್ರತಿವಾರವೂ ಪ್ರಕಟವಾಗಿರಲಿಲ್ಲವೆಂಬುದು ಸ್ಪಷ್ಟ.

ಪ್ರಭಾವ

ಪತ್ರಿಕೆ ನಿಂತರೂ ಅದರ ಹಳೆಯ ಪ್ರತಿಗಳು ಕೈಯಿಂದ ಕೈಗೆ ಸಾಗಿದವು. ಇಂದಿನ ಲೆಬನಾನಿನ ಟ್ರಿಪೋಲಿ ಪ್ರದೇಶದ ಯುವಕ ರಶೀದ್ ರಿದಾ ತಮ್ಮ ತಂದೆಯ ಕಾಗದಪತ್ರಗಳ ನಡುವೆ ಕೆಲವು ಸಂಚಿಕೆಗಳನ್ನು ಕಂಡು, ಉಳಿದವನ್ನು ಹುಡುಕಿ ನಕಲು ಮಾಡಿಕೊಂಡರು. ಈ ಓದು ತಮ್ಮ ಚಿಂತನೆಯ ದಿಕ್ಕನ್ನೇ ಬದಲಿಸಿತೆಂದು ಅವರು ಮುಂದೆ ದಾಖಲಿಸಿದ್ದಾರೆ. 1898ರಲ್ಲಿ ಅವರು ಕೈರೋದಲ್ಲಿ 'ಅಲ್-ಮನಾರ್' ಪತ್ರಿಕೆಯನ್ನು ಆರಂಭಿಸಿದರು. ವಾರಪತ್ರಿಕೆಯಾಗಿ ಮೊದಲಾಗಿ ಬಳಿಕ ಮಾಸಪತ್ರಿಕೆಯಾದ ಅದು, ರಿದಾ 1935ರಲ್ಲಿ ನಿಧನರಾಗುವವರೆಗೂ ಅವರ ಸಂಪಾದಕತ್ವದಲ್ಲಿ ನಡೆಯಿತು. ಅಬ್ದುಹು 1888ರಲ್ಲಿ ಈಜಿಪ್ಟಿಗೆ ಮರಳಿ, 1899ರಲ್ಲಿ ಅಲ್ಲಿನ ಪ್ರಧಾನ ಮುಫ್ತಿಯಾದರು.