ಸಭೆಯೊಡನೆ ಸತ್ಯವೇದದ ಅಭ್ಯಾಸ

ಪುಸ್ತಕವು ಮನೆಯಲ್ಲಿದ್ದ ಮಾತ್ರದಿಂದ ವಿದ್ಯೆಯು ಬಂದಿತೆಂದು ಭಾವಿಸುವವರು ನಮ್ಮಲ್ಲಿ ವಿರಳರಲ್ಲ. ಕ್ರೈಸ್ತ ಗೃಹಸ್ಥರ ಮನೆಗಳಲ್ಲಿ ಸತ್ಯವೇದವು ಗೋಡೆಯ ಗೂಡಿನಲ್ಲಿ ಶುಭ್ರವಾದ ವಸ್ತ್ರದೊಳಗೆ ಸುತ್ತಲ್ಪಟ್ಟಿರುತ್ತದೆ. ಮದುವೆ, ಮರಣ, ಮಗುವಿನ ಜನನ ಮುಂತಾದ ಸಮಯಗಳಲ್ಲಿ ಅದು ಹೊರಗೆ ಬರುತ್ತದೆ. ತಿರುಗಿ ವಸ್ತ್ರವನ್ನು ಸೇರುತ್ತದೆ. ನಾನು ಇತರರನ್ನು ಆಕ್ಷೇಪಿಸುವದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನನ್ನ ಪುಸ್ತಕವು ದಿನಾಲು ತೆರೆದೇ ಇರುತ್ತಿತ್ತು. ಆದರೂ ನನ್ನ ಸ್ಥಿತಿಯು ಅವರದಕ್ಕಿಂತ ಉತ್ತಮವಾಗಿದ್ದಿಲ್ಲವೆಂಬುದು ಮುಂದೆ ತಿಳಿದುಬರುವದು.

ನಾನು ಹುಟ್ಟು ಕ್ರೈಸ್ತನು. ಆದರೆ ವಿದ್ಯಾಭ್ಯಾಸವನ್ನು ಸಂಸ್ಕೃತದಲ್ಲಿ ಮಾಡಿ, ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿ, ಈಗ ವಿಶ್ರಾಂತಿವೇತನವನ್ನು ಪಡೆಯುತ್ತ ಗದಗ-ಬೆಟಗೇರಿಯ ಸೀಮೆಯಲ್ಲಿರುತ್ತೇನೆ. ನಮ್ಮದು ಸಣ್ಣ ಸಭೆ. ಪೂರ್ವದಲ್ಲಿ ಬಾಸೆಲ್ ಮಿಶನ್ನಿಗೆ ಸಂಬಂಧಪಟ್ಟದ್ದು, ಈಗ ದಕ್ಷಿಣ ಭಾರತ ಸಭೆಗೆ ಸೇರಿದ್ದು. ಬುಧವಾರ ಸಂಜೆ ದೇವಾಲಯದ ಪಕ್ಕದ ಕೋಣೆಯಲ್ಲಿ ಹನ್ನೆರಡು ಹದಿನಾಲ್ಕು ಮಂದಿ ಸತ್ಯವೇದದ ಅಭ್ಯಾಸಕ್ಕೆಂದು ಕೂಡುತ್ತೇವೆ. ನೇಕಾರರಿದ್ದಾರೆ, ರೇಲ್ವೆಯಿಂದ ನಿವೃತ್ತರಾದ ಒಬ್ಬರಿದ್ದಾರೆ, ದವಾಖಾನೆಯಲ್ಲಿ ದಾದಿಯಾಗಿರುವ ಒಬ್ಬ ಹೆಣ್ಣುಮಗಳಿದ್ದಾಳೆ. ಎಲ್ಲರಿಗಿಂತ ಹಿರಿಯಳು ನಾವೆಲ್ಲ ದೊಡ್ಡವ್ವ ಎಂದು ಕರೆಯುವ ಮುದುಕಿ. ಮಗ್ಗದ ಮನೆಯಲ್ಲಿ ಆಯುಷ್ಯವನ್ನು ಕಳೆದವಳು. ಅಕ್ಷರವನ್ನು ಕಲಿತದ್ದು ನಡುವಯಸ್ಸಿನಲ್ಲಿ. ಬೆರಳಿಟ್ಟು ಓದುತ್ತಾಳೆ. ಸಭಾಪಾಲಕರು ಪಾಠವನ್ನು ನಡಿಸುವ ಭಾರವನ್ನು ನನಗೆ ಒಪ್ಪಿಸಿದ್ದಾರೆ.

ಹೀಗೆ ಕೂಡಿ ಓದುವ ವಾಡಿಕೆಗೆ ಒಂದು ಚರಿತ್ರೆಯುಂಟು. 1670 ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಸ್ಪೇನರ್ ಎಂಬ ಸಭಾಪಾಲಕನು ತನ್ನ ಮನೆಯಲ್ಲಿ ಭಕ್ತರ ಸಣ್ಣ ಕೂಟಗಳನ್ನು ಪ್ರಾರಂಭಿಸಿದನು. ಉಪದೇಶಕನು ಮಾತ್ರ ಮಾತಾಡುವ ಪ್ರಸಂಗಗಳಲ್ಲದೆ ಸಾಮಾನ್ಯ ಜನರೂ ಕೂಡಿ ವಾಕ್ಯವನ್ನು ವಿಚಾರಿಸಬೇಕೆಂದು 1675 ರಲ್ಲಿ ಗ್ರಂಥವನ್ನೂ ಬರೆದನು. ಇಂಥ ಕೂಟಗಳು ವುರ್ಟೆಂಬೆರ್ಗ್ ಸೀಮೆಯಲ್ಲಿ ಬಹಳವಾಗಿ ಬೇರೂರಿದವು. 1743 ರಲ್ಲಿ ಅಲ್ಲಿಯ ಸರಕಾರವು ಅವುಗಳಿಗೆ ಅನುಮತಿಯನ್ನು ಕೊಟ್ಟಿತು. 1834 ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಆ ಸೀಮೆಯವರೇ ಅನೇಕರು. ‘ಮಂಗಳೂರ ಸಮಾಚಾರ’ವನ್ನು 1843 ರಲ್ಲಿ ಹೊರಡಿಸಿದ ಮೋಗ್ಲಿಂಗನೂ ಅಲ್ಲಿಯವನೇ. ಅವರಿಗಿಂತ ಮುಂಚೆಯೇ, 1831 ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನ ಶ್ರಮದಿಂದ ಸಮಗ್ರ ಸತ್ಯವೇದವು ಕನ್ನಡದಲ್ಲಿ ಹೊರಬಿದ್ದಿತ್ತು. ಕಿಟ್ಟೆಲನು ನಿಘಂಟಿಗಿಂತ ಬಹಳ ಮೊದಲು, 1862 ರಲ್ಲಿಯೇ, ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ಷಟ್ಪದಿಯಲ್ಲಿ ರಚಿಸಿದನೆಂಬುದನ್ನು ನಮ್ಮವರೇ ಮರೆತಿದ್ದಾರೆ.

ನಮ್ಮ ದೇಶಕ್ಕೆ ಈ ವಿಷಯವು ಹೊಸದೇನೂ ಅಲ್ಲ. ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ಪ್ರತಿಯೊಂದು ಕರ್ತವ್ಯದ ಜತೆಗೂ ಸ್ವಾಧ್ಯಾಯ, ಪ್ರವಚನ ಇವೆರಡನ್ನೂ ಸೇರಿಸಿ ಹೇಳಿದೆ. ತಾನು ಓದುವದು ಒಂದು, ಇನ್ನೊಬ್ಬರಿಗೆ ಹೇಳುವದು ಇನ್ನೊಂದು. ಎರಡೂ ಕೂಡಿದಲ್ಲದೆ ವಿದ್ಯೆಯು ಪೂರ್ಣವಾಗದು. ಇನ್ನು ಮೀಮಾಂಸಕರು ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವದಕ್ಕೆ ಆರು ಲಿಂಗಗಳನ್ನು ಹೇಳಿರುವರು: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಅಂದರೆ ಆರಂಭ ಮತ್ತು ಅಂತ್ಯಗಳು ಏನು ಹೇಳುತ್ತವೆ, ಯಾವ ಮಾತು ತಿರುತಿರುಗಿ ಬರುತ್ತದೆ, ಬೇರೆಲ್ಲಿಯೂ ದೊರೆಯದ ಮಾತು ಯಾವದು, ಫಲವೇನು, ಸ್ತುತಿನಿಂದೆಗಳು ಯಾವದರ ಕುರಿತು, ಯುಕ್ತಿಯೇನು ಎಂದು ನೋಡತಕ್ಕದ್ದು. ಈ ಅಳತೆಗೋಲು ಸತ್ಯವೇದಕ್ಕೂ ಬಹಳ ಚೆನ್ನಾಗಿ ಒಪ್ಪುತ್ತದೆಂದು ನನ್ನ ಅನುಭವ.

ಒಂದು ದೃಷ್ಟಾಂತ. ಪ್ರವಾದಿಯಾದ ಯೆರೆಮೀಯನ ಇಪ್ಪತ್ತೊಂಭತ್ತನೆಯ ಅಧ್ಯಾಯದ ಹನ್ನೊಂದನೆಯ ವಚನವು ನಮ್ಮವರ ಕ್ಯಾಲೆಂಡರುಗಳಲ್ಲಿಯೂ ಲಗ್ನಪತ್ರಿಕೆಗಳಲ್ಲಿಯೂ ಮೇಲಿಂದ ಮೇಲೆ ಕಾಣುವದು. ದೇವರು ತನ್ನ ಜನರಿಗೆ ಹಿತವನ್ನೇ ಬಗೆಯುತ್ತಾನೆಂದು ಅದರ ಭಾವ. ಯಾರಿಗೆ ತಾನೇ ಪ್ರಿಯವಾಗದು? ಆದರೆ ಉಪಕ್ರಮವನ್ನು ನೋಡಿರಿ. ಅದು ಬಾಬಿಲೋನಿಗೆ ಸೆರೆಯಾಗಿ ಒಯ್ಯಲ್ಪಟ್ಟವರಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ನಿಮ್ಮನ್ನು ಸೆರೆಯಿಟ್ಟ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಅದರ ಬೋಧೆ. ಒಂದು ವಚನದ ಹಿಂದೆಯೇ ಎಪ್ಪತ್ತು ವರ್ಷಗಳ ಅವಧಿಯು ಹೇಳಲ್ಪಟ್ಟಿದೆ. ಓದಿದವರಲ್ಲಿ ಹೆಚ್ಚಿನವರು ಬಿಡುಗಡೆಯನ್ನು ಕಾಣದೆ ಸಾಯುವವರೇ. ವಚನಗಳಿಗೆ ಅಂಕೆಗಳನ್ನು ಹಾಕಿದ್ದು ಪ್ರವಾದಿಗಳೂ ಅಲ್ಲ, ಅಪೊಸ್ತಲರೂ ಅಲ್ಲ. ಹೊಸ ಒಡಂಬಡಿಕೆಗೆ ಈಗಿನ ಅಂಕೆಗಳು ಬಂದದ್ದು 1551 ರಲ್ಲಿ, ರೊಬೇರ್ ಎತಿಯೆನ್ ಎಂಬ ಮುದ್ರಕನಿಂದ. ಹುಡುಕುವದಕ್ಕೆ ಅನುಕೂಲ ನಿಜ. ಆದರೆ ಹಣ್ಣನ್ನು ಹೋಳುಮಾಡಿ ಮಾರುವ ಅಂಗಡಿಯವನಂತೆ ನಾವು ವಚನಗಳನ್ನು ಬಿಡಿಬಿಡಿಯಾಗಿ ವ್ಯವಹರಿಸುವದಕ್ಕೆ ಅದೇ ದಾರಿಯಾಯಿತು.

ಕೂಡಿ ಓದುವದಕ್ಕೆ ಇನ್ನೊಂದು ಕಾರಣವು ಭಾಷೆಯಲ್ಲಿಯೇ ಇದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಪೌಲನು ‘ನೀವು’ ದೇವರ ಆಲಯವಾಗಿದ್ದೀರೆಂದು ಹೇಳುತ್ತಾನೆ. ಕನ್ನಡದಲ್ಲಿ ‘ನೀವು’ ಎಂಬುದು ಬಹುವಚನವೂ ಹೌದು, ಗೌರವದ ಏಕವಚನವೂ ಹೌದು. ಆದಕಾರಣ ಒಬ್ಬನೇ ಕುಳಿತು ಓದುವ ಸದ್ಗೃಹಸ್ಥನು ಅಪೊಸ್ತಲನು ತನಗೆ ಮರ್ಯಾದೆಯಿಂದ ‘ನೀವು’ ಎಂದನೆಂದು ಗ್ರಹಿಸುವ ಸಂಭವವುಂಟು! ಗ್ರೀಕಿನಲ್ಲಿ ಅದು ಶುದ್ಧ ಬಹುವಚನ. ಸಂಸ್ಕೃತದ ‘ಯೂಯಂ’ ಇದ್ದ ಹಾಗೆ. ಆಲಯವಾಗಿರುವದು ಆ ಸಭೆಯೆಲ್ಲವೂ ಕೂಡಿ. ಒಂದು ಕಲ್ಲೇ ಗುಡಿಯಲ್ಲ.

ಫಿಲೆಮೋನನಿಗೆ ಬರೆದ ಪತ್ರಿಕೆಯನ್ನಾದರೂ ನೋಡಿರಿ. ಇಪ್ಪತ್ತೈದೇ ವಚನ, ಐದು ನಿಮಿಷದ ಓದು. ತನ್ನಿಂದ ಅಗಲಿಹೋದ ಒನೇಸಿಮನೆಂಬ ದಾಸನನ್ನು ಯಜಮಾನನು ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಸೆರೆಯಲ್ಲಿದ್ದ ಪೌಲನ ವಿಜ್ಞಾಪನೆ. ಒನೇಸಿಮನೆಂದರೆ ಪ್ರಯೋಜನವುಳ್ಳವನು; ಪೌಲನು ಆ ಅರ್ಥದ ಮೇಲೆ ಶ್ಲೇಷವನ್ನು ಮಾಡಿದ್ದಾನೆ; ನಮ್ಮ ಆಲಂಕಾರಿಕರು ಕಂಡಿದ್ದರೆ ಮೆಚ್ಚುತ್ತಿದ್ದರು. ವಿಷಯವು ಕೇವಲ ಒಂದು ಮನೆಯದು. ಆದರೆ ಪತ್ರವು ಫಿಲೆಮೋನನೊಬ್ಬನಿಗೇ ಅಲ್ಲ. ಅಪ್ಫಿಯಳಿಗೆ, ಅರ್ಖಿಪ್ಪನಿಗೆ, ಆ ಮನೆಯಲ್ಲಿ ಕೂಡುವ ಸಭೆಗೆಲ್ಲ. ಅಂದರೆ ಒಬ್ಬನ ಮನೆಯ ಮನಸ್ತಾಪದ ಮಾತು ಎಲ್ಲರ ಎದುರಿನಲ್ಲಿ ಗಟ್ಟಿಯಾಗಿ ಓದಲ್ಪಡಬೇಕು. ಯಜಮಾನನು ಎಷ್ಟು ಸಂಕೋಚಪಟ್ಟಿರಬಹುದೋ! ನನಗೆ ಅದು ಕಳೆದ ವರ್ಷ ಚೆನ್ನಾಗಿ ಗೊತ್ತಾಯಿತು.

ನಾವು ಆಗ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಓದುತ್ತಿದ್ದೆವು. ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದವನಿಗೆ, ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂದು ಅಲ್ಲಿ ನೆನಪಾದರೆ, ಅವನು ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಬೇಕೆಂದು ಯೇಸುಸ್ವಾಮಿಯು ಹೇಳುವ ಭಾಗ. ನನಗೆ ‘ವೇದಿ’ ಎಂಬ ಶಬ್ದವು ಸಿಕ್ಕಿದ್ದೇ ಸಾಕಾಯಿತು. ಶ್ರೌತಯಾಗದಲ್ಲಿ ವೇದಿಯು ನೆಲವನ್ನು ತುಸು ಅಗೆದು ಮಾಡಿದ್ದು, ನಡುವಿನಲ್ಲಿ ಸಣ್ಣಗಾದದ್ದು. ಯೆರೂಸಲೇಮಿನದಾದರೋ ಎತ್ತರವಾದ ಕಟ್ಟೆ. ಭಾಷಾಂತರಕಾರರು ಆ ಶಬ್ದವನ್ನೇಕೆ ಆರಿಸಿದರು ಎಂದು ಅರ್ಧ ತಾಸು ವಿವರಿಸಿದೆನು. ಹೀಗೆಯೇ ಹಿಂದೊಮ್ಮೆ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಐಥಿಯೋಪ್ಯದ ಕಂಚುಕಿಯ ಪ್ರಸ್ತಾಪ ಬಂದಾಗ ಶಾಕುಂತಲದ ಕಂಚುಕಿಯವರೆಗೂ ಹೋಗಿದ್ದೆನು. ಆ ಕಂಚುಕಿಯು ಯೆಶಾಯನ ಗ್ರಂಥವನ್ನು ಓದುತ್ತಿದ್ದರೂ, ಯಾರಾದರೂ ದಾರಿತೋರಿಸದೆ ತನಗೆ ತಿಳಿಯುವದು ಹೇಗೆಂದು ಕೇಳಿ ಫಿಲಿಪ್ಪನನ್ನು ರಥದಲ್ಲಿ ಕುಳ್ಳಿರಿಸಿಕೊಂಡನಷ್ಟೆ. ನನ್ನ ರಥದಲ್ಲಿ ಎರಡನೆಯವರಿಗೆ ಸ್ಥಳವಿದ್ದಿಲ್ಲ.

ವಿವರಣೆಯು ಮುಗಿದ ಮೇಲೆ ದೊಡ್ಡವ್ವನು ಬೆರಳನ್ನು ಪುಟದ ಮೇಲಿಂದ ತೆಗೆಯದೆ ಕೇಳಿದಳು:

“ಮಾಸ್ತರ, ಆ ಮನಶ್ಯಾ ಎಷ್ಟು ದೂರ ಹೋಗಬೇಕಾಗಿತ್ರಿ?”

ಪ್ರಶ್ನೆಯು ಸೊಗಸಾಗಿದೆಯೆಂದು ನನಗೆ ಸಂತೋಷವೇ ಆಯಿತು. ಈ ಬೋಧೆ ನಡೆದದ್ದು ಗಲಿಲಾಯದಲ್ಲಿ. ಯಜ್ಞವೇದಿಯು ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ಕಾಲ್ನಡಿಗೆಯಿಂದ ಮೂರು ನಾಲ್ಕು ದಿವಸಗಳ ಹಾದಿ. ಕಾಣಿಕೆಯನ್ನು ಬಿಟ್ಟು ಊರಿಗೆ ಹೋಗಿ ಬರಬೇಕಾದರೆ ವಾರದ ಮಾತು ಎಂದೆನು.

“ಹಂಗಾದ್ರ ನಿಮ್ಮ ತಮ್ಮನ ಊರು ಅಷ್ಟೇನು ದೂರ ಇಲ್ಲ ಬಿಡ್ರಿ,” ಎಂದಳು.

ಕೋಣೆಯಲ್ಲಿ ಯಾರೂ ತಲೆಯನ್ನೆತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು. ತಂದೆಯ ಕಾಲಾನಂತರ ಎರಿಹೊಲದ ಪಾಲಿನಲ್ಲಿ ಬಾವಿಯಿದ್ದ ತುಂಡು ನನಗೆ ಬಂದಿತ್ತು. ಕಾಗದಪತ್ರಗಳು ನನ್ನ ಪಕ್ಷದಲ್ಲಿಯೇ ಇದ್ದವು. ಬರೆದವನೂ ನಾನೇ ಆಗಿದ್ದೆನು. ಹೊಲವನ್ನು ಉಳುವವನು ತಮ್ಮನು, ನೀರಿನ ಒಡೆತನವು ನನ್ನದು. ಹನ್ನೊಂದು ವರ್ಷ ಒಬ್ಬರ ಮುಖವನ್ನೊಬ್ಬರು ನೋಡಿದ್ದಿಲ್ಲ. ನನಗೆ ಅವನ ಮೇಲೆ ಸಿಟ್ಟಿಲ್ಲ, ಆದ್ದರಿಂದ ನಾನು ನಿರ್ದೋಷಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆನು. ಆದರೆ ಆ ವಾಕ್ಯವು ನನ್ನ ಸಿಟ್ಟನ್ನು ಕೇಳುವದೇ ಇಲ್ಲ. ಅವನಿಗೆ ನನ್ನ ಮೇಲೆ ಇರುವದನ್ನು ಕೇಳುತ್ತದೆ. ಇಷ್ಟು ಸಾರಿ ಓದಿಯೂ, ವ್ಯಾಕರಣವನ್ನು ಬಲ್ಲವನಾಗಿಯೂ, ಕರ್ತೃ ಯಾರು ಕರ್ಮ ಯಾರು ಎಂಬುದನ್ನು ನಾನು ಗಮನಿಸಿದ್ದಿಲ್ಲ. ಆರು ಲಿಂಗಗಳಲ್ಲಿ ‘ಫಲ’ವೊಂದನ್ನು ಮರೆತು ಉಳಿದ ಐದನ್ನು ಹಿಡಿದು ಕುಳಿತಿದ್ದೆನು.

ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಮುಂದಿನ ಬುಧವಾರ ಜ್ವರದ ನೆಪ ಹೇಳಿ ಹೋಗಲಿಲ್ಲ. ಅದರ ಮುಂದಿನ ಬುಧವಾರವೂ ಹೋಗಲಿಲ್ಲ. ದಾದಿಯಾಗಿರುವ ಹುಡುಗಿಯು ಮನೆಗೆ ಬಂದು ನಾಡಿ ನೋಡಿ, “ಜ್ವರಾ ಏನಿಲ್ರಿ ಸರ,” ಎಂದು ನಗುತ್ತ ಹೋದಳು. ನನ್ನ ಹೆಂಡತಿಯು ಏನೂ ಮಾತಾಡಲಿಲ್ಲ. ಆದರೆ ಶನಿವಾರ ನನ್ನ ಚೀಲದಲ್ಲಿ ಒಂದು ಧೋತರವನ್ನೂ ತಮ್ಮನ ಮೊಮ್ಮಗುವಿಗೆಂದು ಒಂದು ಅಂಗಿಯನ್ನೂ ಮಡಚಿ ಇಟ್ಟಿದ್ದಳು.

ನರಗುಂದದ ದಾರಿಯಲ್ಲಿ ಬಸ್ಸಿನಿಂದ ಇಳಿದು ನಡೆದೆನು. ಪಶ್ಚಾತ್ತಾಪವೆಂದರೆ ಆಮೇಲೆ ಬೇಯುವದು ಎಂದಷ್ಟೇ ನಮ್ಮ ಶಬ್ದದ ಅರ್ಥ. ಇಬ್ರಿಯ ಭಾಷೆಯಲ್ಲಿ ಅದಕ್ಕೆ ಬಳಸುವ ಶಬ್ದವು ತಿರುಗಿ ಬರುವದು ಎಂಬ ಅರ್ಥವುಳ್ಳದ್ದು, ಕಾಲಿನ ಕೆಲಸ. ಈ ಭೇದವನ್ನು ನಾನು ತರಗತಿಯಲ್ಲಿ ಹೇಳಿದ್ದೆನು. ಅಂದು ಎರಿಮಣ್ಣಿನ ಹಾದಿಯಲ್ಲಿ ಅದನ್ನು ನೆನೆದೆನು.

ತಮ್ಮನು ಕಟ್ಟೆಯ ಮೇಲೆ ಕುಳಿತಿದ್ದನು. ಬಹಳ ಹೊತ್ತು ನೋಡಿದನು. “ಯಾಕ ಬಂದಿ ಅಣ್ಣಾ, ಯಾರರ ತೀರಿಕೊಂಡ್ರೇನು?” ಎಂದನು. ಅವನ ಹೆಂಡತಿಯು ತಂಬಿಗೆಯಲ್ಲಿ ಕಾಲಿಗೆ ನೀರು ತಂದಿಟ್ಟಳು. ಬಾವಿಯ ನೀರೇ. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಪಾಲು ಬರದಾಗ ನಾ ನಿನಗ ಅನ್ಯಾಯ ಮಾಡಿದೆ, ತಮ್ಮಾ,” ಎಂದಷ್ಟೇ ಅಂದೆನು. ಅವನು ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋಗಿ ನಮ್ಮ ತಂದೆಯ ಸತ್ಯವೇದವನ್ನು ತಂದು ನನ್ನ ಮುಂದಿಟ್ಟನು. ಅದರ ಮೊದಲ ಖಾಲಿ ಹಾಳೆಯಲ್ಲಿ ತಂದೆಯವರ ಅಕ್ಷರದಲ್ಲಿ ನಮ್ಮಿಬ್ಬರ ಜನ್ಮದಿನಗಳು ಒಂದರ ಕೆಳಗೊಂದು ಇವೆ. ಅದಕ್ಕೆ ಕಟ್ಟಿದ್ದ ವಸ್ತ್ರವು ಹಳೆಯದಾಗಿ ಹರಿದಿತ್ತು.

ಎಲ್ಲವೂ ಅಂದೇ ಸರಿಹೋಯಿತೆಂದು ವಾಚಕರು ತಿಳಿಯಬಾರದು. ತಮ್ಮನ ಮಗನಿಗೆ ನನ್ನಲ್ಲಿ ಇನ್ನೂ ನಂಬಿಕೆಯಿಲ್ಲ. ಅವನ ದೃಷ್ಟಿಯಿಂದ ಅದು ಯೋಗ್ಯವೇ. ಬಾವಿಯ ಹಕ್ಕನ್ನು ಬರೆದುಕೊಡುವ ಕಾಗದವು ನೋಂದಣಿ ಕಚೇರಿಯಲ್ಲಿದೆ. ಬದುವಿನ ಅಳತೆಗೆ ಸರ್ವೇದಾರನು ಸುಗ್ಗಿಯ ತರುವಾಯ ಬರಬೇಕಾಗಿದೆ.

ನಮ್ಮ ಬುಧವಾರದ ಪಾಠವು ಈಗ ಆರನೆಯ ಅಧ್ಯಾಯದಲ್ಲಿದೆ. ಮೊದಲು ಎಲ್ಲರೂ ಒಂದೊಂದು ವಚನವನ್ನು ಓದುತ್ತಾರೆ, ಅನಂತರ ಪ್ರಶ್ನೆಗಳು. ನಾನು ಮಾತಾಡುವದು ಕೊನೆಗೆ. ದೊಡ್ಡವ್ವನಿಗೆ ಕಣ್ಣಿನ ಪೊರೆ ಬಲಿತಿರುವದರಿಂದ ದಾದಿಯ ಹುಡುಗಿಯು ಅವಳ ಪಕ್ಕದಲ್ಲಿ ಕುಳಿತು ಸಾಲನ್ನು ತೋರಿಸುತ್ತಾಳೆ. ಆ ದಿವಸದ ವಿಷಯವನ್ನು ದೊಡ್ಡವ್ವನು ತಿರುಗಿ ಎತ್ತಿಲ್ಲ. ಕಳೆದ ವಾರ ಮಾತ್ರ, ಪಾಠವು ಮುಗಿದ ಮೇಲೆ, ತಮ್ಮನ ಊರಿನಲ್ಲಿ ಮಳೆಯಾಯಿತೇ ಎಂದು ಕೇಳಿದಳು.