ಬತ್ತದ ಬುಡದಲ್ಲಿ ವಾಸಿಸುವ ಕಿರುಜೇಡ

ಗದ್ದೆಯ ಬದುವಿನ ಮೇಲೆ ನಿಂತು ಪೈರಿನ ತುದಿಯನ್ನು ನೋಡುವವರು ಬಹುಮಂದಿ. ಬಗ್ಗಿ ಬುಡವನ್ನು ನೋಡುವವರು ವಿರಳ. ಬುಡವನ್ನು ಬಿಡಿಸಿ ನೋಡಿದಲ್ಲಿ, ನೀರಿನ ಮಟ್ಟಕ್ಕೆ ತುಸು ಮೇಲೆ, ತೆಂಡೆಗಳ ನಡುವೆ ಹಾಳೆಯಂತೆ ಅಡ್ಡಲಾಗಿ ಹರಡಿದ ಸಣ್ಣ ಬಲೆಗಳು ಕಾಣುವುವು. ಇವುಗಳನ್ನು ನೆಯ್ಯತಕ್ಕದ್ದು ರಾಗಿಯ ಕಾಳಿನಷ್ಟು ಗಾತ್ರದ ಒಂದು ಜೇಡ.

ಹಾಳೆಬಲೆಯನ್ನು ನೆಯ್ಯುವ ಜೇಡಗಳ ಕುಟುಂಬದಲ್ಲಿ 4,000ಕ್ಕೂ ಮಿಕ್ಕಿ ಪ್ರಭೇದಗಳುಂಟು. ಇದರಲ್ಲಿ ಅಟಿಪೀನ ಎಂಬ ಕುಲಕ್ಕೆ 1894ರಲ್ಲಿ ಫ್ರಾನ್ಸ್ ದೇಶದ ಯೂಜೀನ್ ಸಿಮೋನ್ ಎಂಬ ವಿದ್ವಾಂಸರು ಹೆಸರಿಟ್ಟರು. ಈ ಕುಲದ ಪೈಕಿ ರೈತರಿಗೆ ಮುಖ್ಯವಾದುದು ಅಟಿಪೀನ ಫಾರ್ಮೊಸಾನ. ತೈವಾನ್ ದ್ವೀಪದ ಹಳೆಯ ಹೆಸರಿನಿಂದ 1977ರಲ್ಲಿ ಇದಕ್ಕೆ ಈ ನಾಮವು ಬಂದಿತು. ಭಾರತದಿಂದ ಫಿಲಿಪೈನ್ಸಿನವರೆಗೂ ಬತ್ತದ ಗದ್ದೆಗಳಲ್ಲಿ ಇದರ ವಾಸವಿದೆ. ಬೆಳೆದ ಜೇಡದ ಹೊಟ್ಟೆಯ ಮೇಲ್ಭಾಗದಲ್ಲಿ ಬೂದುಬಣ್ಣದ ಮೂರು ಜೊತೆ ಗುರುತುಗಳಿರುತ್ತವೆ. ಮರಿಗಳು ಕಿತ್ತಳೆ ಬಣ್ಣದವು. ಒಂದೇ ಬುಡದಲ್ಲಿ 30–40 ಜೇಡಗಳಿರುವುದೂ ಉಂಟು. ಆಯುಸ್ಸು ಒಂದೂವರೆಯಿಂದ ಎರಡು ತಿಂಗಳು.

ಬತ್ತದ ರಸವನ್ನು ಹೀರಿ, ಗದ್ದೆಯನ್ನು ಸುತ್ತುಸುತ್ತಾಗಿ ಸುಟ್ಟಂತೆ ಒಣಗಿಸುವ ಕಂದು ಜಿಗಿಹುಳುವೂ ಇದೇ ಬುಡದಲ್ಲಿಯೇ ಇರುತ್ತದೆ. ಈ ಜೇಡವೊಂದು ದಿನಕ್ಕೆ ಜಿಗಿಹುಳುವಿನ 4–5 ಎಳೆಮರಿಗಳನ್ನು ತಿನ್ನುವುದು.

ಹೀಗಿರಲು, ನೆರೆಯವರು ಸಿಂಪಡಿಸಿದರೆಂಬ ಮಾತ್ರಕ್ಕೆ ನಾವೂ ಔಷಧಿ ಹೊಡೆಯುವುದರಿಂದ ಆಗುವ ಹಾನಿಯನ್ನು ಯೋಚಿಸಬೇಕು. ಜಿಗಿಹುಳುವಿನ ಮೊಟ್ಟೆಗಳು ಎಲೆಯ ಒರೆಯೊಳಗೆ ಹುದುಗಿದ್ದು ವಿಷಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಬಯಲಿನಲ್ಲಿರುವ ಜೇಡಗಳು ಮೊದಲು ಸಾಯುತ್ತವೆ. ತರುವಾಯ ಹೊರಬರುವ ಮರಿಗಳಿಗೆ ತಡೆಯೇ ಇಲ್ಲದೆ, ಹುಳುವಿನ ಕಾಟವು ಮೊದಲಿಗಿಂತಲೂ ಹೆಚ್ಚುವುದು. ಇದೇ ಅನುಭವದಿಂದ ಇಂಡೊನೇಷ್ಯಾ ಸರ್ಕಾರವು 1986ರಲ್ಲಿ 57 ಬಗೆಯ ಕೀಟನಾಶಕಗಳನ್ನು ಬತ್ತಕ್ಕೆ ಬಳಸಕೂಡದೆಂದು ನಿಷೇಧಿಸಿತು.

ಆದಕಾರಣ ರೈತರು ಗಮನಿಸತಕ್ಕ ಅಂಶಗಳು:

1. ವಾರಕ್ಕೊಮ್ಮೆ ಗದ್ದೆಯ ಹಲವು ಕಡೆ ಬುಡಗಳನ್ನು ಬಿಡಿಸಿ, ಹುಳುವನ್ನೂ ಜೇಡವನ್ನೂ ಎಣಿಸತಕ್ಕದ್ದು.

2. ಜೇಡವಿಲ್ಲದಿದ್ದಲ್ಲಿ ತೆಂಡೆಗೆ ಒಂದು ಹುಳು, ಬುಡಕ್ಕೊಂದು ಜೇಡವಿದ್ದಲ್ಲಿ ತೆಂಡೆಗೆ ಎರಡು ಹುಳು ಆಗುವವರೆಗೆ ಸಿಂಪಡಿಸುವ ಅಗತ್ಯವಿಲ್ಲವೆಂಬುದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಲಹೆ.

3. ನಾಟಿಯಾದ ಮೊದಲ ದಿನಗಳಲ್ಲಿ ಅನಾವಶ್ಯಕವಾಗಿ ವಿಷವನ್ನು ಬಳಸಕೂಡದು. ಯೂರಿಯಾವನ್ನು ಅತಿಯಾಗಿ ಹಾಕಿದಲ್ಲಿ ಜಿಗಿಹುಳು ಹೆಚ್ಚುವುದೆಂಬುದನ್ನು ಮರೆಯಬಾರದು.

4. ಜೇಡಗಳ ಆಶ್ರಯಕ್ಕಾಗಿ ಗದ್ದೆಯಲ್ಲಿ ಅಲ್ಲಲ್ಲಿ ಹುಲ್ಲಿನ ಕಂತೆಗಳನ್ನು ಇಡಬಹುದು.

ಗ್ರಾಮದ ಯಜಮಾನರು ಮೊದಲು ತಮ್ಮ ಗದ್ದೆಯಲ್ಲಿಯೇ ಬಗ್ಗಿ ಎಣಿಸಿ ತೋರಿಸಿದಲ್ಲಿ ಉಳಿದವರೂ ಅನುಸರಿಸುವರು. ಔಷಧಿಯ ಹಣ ಉಳಿಯುವುದಲ್ಲದೆ, ಕೂಲಿ ಕೇಳದ ಕಾವಲುಗಾರನೂ ಗದ್ದೆಯಲ್ಲಿ ಉಳಿಯುವನು.