ದ್ರಾಕ್ಷಿಯ ಸೀಮೆಯಲ್ಲಿ ಸೈಕಲ್ ಸವಾರಿ

ಘಾಟ್ಕೋಪರದ ನಾವು ನಾಲ್ವರು ಗೆಳೆಯರು ಫೆಬ್ರವರಿಯ ಒಂದು ಶನಿವಾರ ಸೈಕಲ್ಲುಗಳನ್ನು ರೈಲಿನ ಲಗೇಜಿಗೆ ಹಾಕಿ ಇಗತಪುರಿಯಲ್ಲಿ ಇಳಿದೆವು. ಕಸಾರಾ ಘಾಟನ್ನು ತುಳಿದು ಹತ್ತುವ ಹುಮ್ಮಸ್ಸು ನಮ್ಮ ವಯಸ್ಸಿಗೆ ಒಪ್ಪುವಂಥದಲ್ಲ! ಅಲ್ಲಿಂದ ನಾಸಿಕಕ್ಕೆ ಸುಮಾರು 45 ಕಿಲೋಮೀಟರು. ಲಾರಿಗಳ ಕಾಟವಲ್ಲದೆ ಬೇರೆ ಹೇಳತಕ್ಕದ್ದಿಲ್ಲ.

ಗಂಗಾಪುರ ಅಣೆಕಟ್ಟಿನ ಕಡೆ ಹೊರಳಿದೊಡನೆ ತೋಟಗಳೇ ತೋಟಗಳು. 2000ರಲ್ಲಿ ಸುಲಾ ವೈನರಿ ಆರಂಭವಾದ ಮೇಲೆ ಈ ಸೀಮೆಗೆ ಹೊಸ ಹೆಸರು ಬಂದಿದೆ. ನಮ್ಮ ಡೇರೆಗೆ ಎಡೆಕೊಟ್ಟ ರೈತರು ಬಳ್ಳಿಯ ಸಂಸಾರವನ್ನೆಲ್ಲ ವಿವರಿಸಿದರು. ಏಪ್ರಿಲಿನಲ್ಲಿ ಒಮ್ಮೆ ಸವರುವುದು ಕಡ್ಡಿ ಬಲಿಯಲೆಂದು. ಮಳೆಗಾಲ ಮುಗಿಯುತ್ತಲೇ ಇನ್ನೊಮ್ಮೆ, ಹಣ್ಣಿಗೆಂದು. ಕೊಯ್ಲು ಜನವರಿಯಿಂದ ಮಾರ್ಚಿನವರೆಗೆ. ವೈನಿನ ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ, ಬೀಜವೂ ಉಂಟು. ಬೆಂಗಳೂರು ಬ್ಲೂ ತಿಂದು ಬೆಳೆದ ನಮ್ಮ ನಾಲಿಗೆಗೆ ಅಷ್ಟಾಗಿ ಹಿಡಿಸಲಿಲ್ಲವೆನ್ನಿ.

ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚುವಷ್ಟರಲ್ಲಿ ಮೋಡ ಕವಿಯಿತು. ಕೊಯ್ಲಿಗೆ ಇನ್ನು ಒಂದೇ ವಾರ. ಆಲಿಕಲ್ಲು ಬಿದ್ದರೆ ವರ್ಷದ ದುಡಿಮೆ ಮಣ್ಣುಪಾಲು. ದಂಪತಿಗಳು ಮುಗಿಲು ನೋಡುತ್ತ ಅಂಗಳದಲ್ಲೇ ಕುಳಿತರು. ಡೇರೆಯೊಳಗೆ ಮಲಗಲು ನಮಗೂ ಮನಸ್ಸಾಗಲಿಲ್ಲ. ನಾಲ್ಕು ಹನಿ ಉದುರಿತು, ನಿಂತಿತು. ರಾತ್ರಿ ಎರಡರ ಸುಮಾರಿಗೆ ಚುಕ್ಕಿಗಳು ಕಂಡವು.

“ಆತಾ ಝೋಪಾ,” ಎಂದು ನಮಗೆ ಹೇಳಿ ಯಜಮಾನರು ಕಂದೀಲು ಹಿಡಿದು ತೋಟದೊಳಕ್ಕೆ ನಡೆದರು.